ಜೀಪಿಗೊಂದು ಮೂಗು

"ಏನ್ ಮಾರಾಯಾ, ಒಳ್ಳೇ ಜೀಪಿಗೆ ತೂತು ಕೊರೀತಾ ಕೂತಿದ್ದೀಯಲ್ಲ!"

ದಾಸವಾಳದ ಬೇಲಿಯ ಮೇಲೆ ಮೊದಲು ಕಂಡಿದ್ದು ತಲೆಗೆ ಸುತ್ತಿದ ಟವೆಲ್ಲು, ಆಮೇಲೆ ಕನ್ನಡಕ, ಕೊನೆಗೆ ಪೂರ್ತಿ ಮೇಷ್ಟ್ರು. ನನ್ನ ಡ್ರಿಲ್ಲಿಂಗ್ ಮಷಿನ್ನಿನ ಸದ್ದಿಗೆ ಅವರ ಮಧ್ಯಾಹ್ನದ ನಿದ್ದೆ ಕೆಟ್ಟಿತ್ತು. ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಗಣಿತ, ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಮನೆಯ ಹಿಂದೆ ಎರಡೆಕರೆ ರೋಬಸ್ಟಾ ಕಾಫಿ ತೋಟ ಇಟ್ಟುಕೊಂಡಿದ್ದಾರೆ. ನಾನು ಅವರ ಶಿಷ್ಯ ಅಲ್ಲ, ಆದರೆ ನಮ್ಮ ಮೂಡಿಗೆರೆ ಕಡೆ ಒಮ್ಮೆ ಮೇಷ್ಟ್ರಾದವರು ಎಲ್ಲರಿಗೂ ಮೇಷ್ಟ್ರೇ.

"ಜೀಪಿಗೆ ಮೂಗು ಇಡ್ತಿದ್ದೀನಿ ಮೇಷ್ಟ್ರೇ" ಅಂದೆ.

"ಇದ್ದ ಮೂಗಿಗೆ ಏನಾಗಿತ್ತು?"

ಕೇಳಬೇಕಾದ ಪ್ರಶ್ನೆಯೇ. ಡ್ರಿಲ್ ಕೆಳಗಿಟ್ಟು ಬಾನೆಟ್ ಎತ್ತಿದೆ. ನನ್ನದು ಹಳೇ ಥಾರ್. ಮಹೀಂದ್ರದವರು 2010ರಲ್ಲಿ ಮೊದಲು ಬಿಟ್ಟರಲ್ಲ, ಆ ಮಾದರಿ; 2498 ಸಿಸಿಯ ಸಿಆರ್‌ಡಿಇ ಡೀಸೆಲ್ ಎಂಜಿನ್ನು. ಎಂಜಿನ್ ಉಸಿರೆಳೆಯುವ ಬಾಯಿ ಬಾನೆಟ್ಟಿನ ಒಳಗೇ ಇರುತ್ತದೆ. ಗಾಳಿ ಅಲ್ಲಿಂದ ಏರ್ ಕ್ಲೀನರ್ ಡಬ್ಬಿಗೆ, ಆಮೇಲೆ ಟರ್ಬೊಗೆ, ಇಂಟರ್‌ಕೂಲರಿಗೆ, ಕೊನೆಗೆ ಸಿಲಿಂಡರಿಗೆ ಹೋಗುತ್ತದೆ. ಆ ಬಾಯಿಗೆ ಒಂದು ಕೊಳವೆ ಜೋಡಿಸಿ, ಮಡ್‌ಗಾರ್ಡಿನಿಂದ ಹೊರಗೆ ತಂದು, ಮುಂದಿನ ಗಾಜಿನ ಚೌಕಟ್ಟಿನ ಪಕ್ಕದಲ್ಲೇ ಏರಿಸಿ, ಟಾಪಿನ ಎತ್ತರಕ್ಕೆ ಮುಟ್ಟಿಸಿದರೆ ಅದೇ ಸ್ನಾರ್ಕೆಲ್.

"ಆನೆ ಹೊಳೆ ದಾಟುವಾಗ ಸೊಂಡಿಲು ಮೇಲೆತ್ತಿಕೊಂಡ ಹಾಗೆ" ಅಂದರು ಮೇಷ್ಟ್ರು.

ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಸಾಧ್ಯವಿರಲಿಲ್ಲ.

ಬೇಲಿಯಲ್ಲಿ ಒಂದು ಕಡೆ ದಾಸವಾಳ ಸತ್ತು ಕಂಡಿ ಬಿದ್ದಿದೆ. ಎರಡು ಮನೆಯವರೂ ಅಲ್ಲಿ ಹೊಸ ಗಿಡ ನೆಟ್ಟಿಲ್ಲ. ಕರಿಬೇವು, ನಿಂಬೆಹಣ್ಣು, ಪತ್ರಿಕೆ, ಮಾತು ಎಲ್ಲ ಆ ಕಂಡಿಯಲ್ಲೇ ಓಡಾಡುವುದು. ಮೇಷ್ಟ್ರು ಅಲ್ಲಿಗೆ ಬಂದು ಕಲ್ಲಿನ ಮೇಲೆ ಕೂತರು. ಅವರು ಕೂತರು ಅಂದರೆ ವಿಷಯ ತಿಳಿಯದೆ ಏಳುವವರಲ್ಲ.

"ಈಗ ಈ ಉಸಾಬರಿ ಯಾಕೆ ಬಂತು?"

ಯಾಕೆ ಬಂತು ಅನ್ನುವುದಕ್ಕೆ ಎರಡು ವರ್ಷದ ಹಿಂದಿನ ಆಶ್ಲೇಷಾ ಮಳೆಗೆ ಹೋಗಬೇಕು. ತೋಟದಾಚೆಯ ಹಳ್ಳ ತುಂಬಿತ್ತು. ದಿನಾ ದಾಟುವ ಹಳ್ಳ, ತಳದ ಕಲ್ಲೂ ಪರಿಚಯ ಅನ್ನುವ ಧೈರ್ಯದಲ್ಲಿ ಎರಡನೇ ಗೇರಿನಲ್ಲೇ ನುಗ್ಗಿಸಿದೆ. ನೀರು ಆಳವಿರಲಿಲ್ಲ, ವೇಗ ಜಾಸ್ತಿಯಾಯಿತು. ಬಂಪರಿಗೆ ಬಡಿದ ನೀರು ಬಾನೆಟ್ಟಿನ ಮೇಲೆ ಹಾರಿತು, ಒಳಗೂ ನುಗ್ಗಿತು. ಎಂಜಿನ್ನು ಕೆಮ್ಮಲಿಲ್ಲ, ಮುಕ್ಕರಿಯಲಿಲ್ಲ, ಯಾರೋ ಕುತ್ತಿಗೆ ಹಿಡಿದ ಹಾಗೆ ಟಕ್ಕನೆ ನಿಂತಿತು. ಗಾಬರಿಯಲ್ಲಿ ಮತ್ತೆ ಕೀ ತಿರುಗಿಸಿದೆ. ಕೀಗೆ ಕೈ ಹಾಕದೆ ಇಳಿದು, ಹಗ್ಗ ಕಟ್ಟಿ ಎಳೆಸಿ, ಇಂಜೆಕ್ಟರ್ ಬಿಚ್ಚಿ ಒಳಗಿನ ನೀರನ್ನು ಹೊರಗೆ ಉಗುಳಿಸಬೇಕಿತ್ತು. ಅದು ನನಗೆ ಗೊತ್ತಾಗಿದ್ದು ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಕನೆಕ್ಟಿಂಗ್ ರಾಡುಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಾಗ. ಮೂರು ನೆಟ್ಟಗಿದ್ದವು. ಒಂದು ಬಾಗಿತ್ತು. ಅಂಥ ಉಕ್ಕಿನ ರಾಡು ನೀರಿಗೆ ಬಾಗುತ್ತದೆ ಅಂತ ಕಣ್ಣಾರೆ ನೋಡುವವರೆಗೆ ನಾನು ನಂಬಿರಲಿಲ್ಲ. ಸಾಮಾನ್ಯ ವಿಮೆ ಇಂಥ ನಷ್ಟ ಕಟ್ಟಿಕೊಡುವುದಿಲ್ಲ. ಎಂಜಿನ್ ರಕ್ಷಣೆಗೆ ಅಂತ ಬೇರೆ ಹಣ ಕಟ್ಟಿರಬೇಕು, ನಾನು ಕಟ್ಟಿರಲಿಲ್ಲ. ಆ ವರ್ಷದ ಕರಿಮೆಣಸಿನ ದುಡ್ಡು ಅಲ್ಲಿಗೆ ಹೋಯಿತು.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕತೊಡಗಿದ್ದರು.

"ನಾಲ್ಕು ಸಿಲಿಂಡರಿಗೆ 2498 ಅಂದ್ರೆ ಒಂದಕ್ಕೆ 624. ಡೀಸೆಲ್ ಎಂಜಿನ್ನು ಗಾಳೀನ ಎಷ್ಟು ಪಟ್ಟು ಒತ್ತುತ್ತೆ?"

"ಹದಿನಾರೋ ಹದಿನೆಂಟೋ, ಆ ಲೆಕ್ಕದಲ್ಲಿ."

"ಹಂಗಾದ್ರೆ ಪಿಸ್ಟನ್ನು ಮೇಲೆ ಬಂದಾಗ ಉಳಿಯೋ ಜಾಗ 40 ಮಿಲಿಲೀಟರಿನ ಆಸುಪಾಸು. ನಮ್ಮನೆ ಕಾಫಿ ಲೋಟದಲ್ಲಿ ಅರ್ಧನೂ ಆಗಲ್ಲ. ಗಾಳಿ ಒತ್ತಿದ್ರೆ ಕುಗ್ಗುತ್ತೆ, ನೀರು ಕುಗ್ಗಲ್ಲ. ಅಷ್ಟಕ್ಕಿಂತ ಹೆಚ್ಚು ನೀರು ಒಳಗಿದ್ರೆ ಪಿಸ್ಟನ್ನಿಗೆ ಮೇಲೆ ಹೋಗೋಕೆ ದಾರಿ ಇಲ್ಲ, ಕೆಳಗಿಂದ ತಳ್ಳೋದು ಬಿಡಲ್ಲ. ಮಧ್ಯದಲ್ಲಿ ಸಿಕ್ಕಿದ್ದು ಬಾಗಲೇಬೇಕು." ಪೆನ್ನಿಗೆ ಮುಚ್ಚಳ ಹಾಕಿದರು. "ಅರ್ಧ ಲೋಟಕ್ಕೆ ಒಂದು ವರ್ಷದ ಮೆಣಸು ಹೋಯ್ತು ಅನ್ನು."

ಅವರ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಎಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ ಎಷ್ಟು ಗಾಳಿ ಕುಡಿಯುತ್ತದೆ ಅಂತಲೂ ನೋಡಿದರು. ಎರಡು ಸುತ್ತಿಗೊಮ್ಮೆ ನಾಲ್ಕೂ ಸಿಲಿಂಡರು ಒಂದೊಂದು ಸಲ ತುಂಬುತ್ತವೆ. ಅಂದರೆ ಸಾವಿರ ಸಲ ಎರಡೂವರೆ ಲೀಟರು, ನಿಮಿಷಕ್ಕೆ 2500 ಲೀಟರ್. ಟರ್ಬೊ ಒತ್ತಿ ತುಂಬುವುದನ್ನು ಸೇರಿಸಿದರೆ ಇನ್ನೂ ಜಾಸ್ತಿ. ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಸಾಕು. ಇಷ್ಟು ಎಳೆಯುವ ಬಾಯಿಯ ಹತ್ತಿರ ನೀರಿದ್ದರೆ ಅದು ಒಳಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು!

ಈ ಹೆಸರು ಎಲ್ಲಿಂದ ಬಂತು ಅಂತಲೂ ಕೇಳಿದರು. ಸ್ನಾರ್ಕೆಲ್ ಜರ್ಮನ್ನರ ಮಾತು, ಮೂಗಿಗೆ ಅವರ ಆಡುಮಾತಿನಲ್ಲಿದ್ದ ಹೆಸರು. ಸಾಧನ ಮಾತ್ರ ಡಚ್ಚರದ್ದು. ಜಲಾಂತರ್ಗಾಮಿ ಹಡಗಿನ ಡೀಸೆಲ್ ಎಂಜಿನ್ನಿಗೂ ಗಾಳಿ ಬೇಕಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲೇ ಅವರು ನೀರಿನ ಮೇಲಕ್ಕೊಂದು ಕೊಳವೆ ಎತ್ತುವ ಉಪಾಯ ಮಾಡಿದ್ದರು. 1940ರಲ್ಲಿ ಹಾಲೆಂಡ್ ಹಿಡಿದ ಜರ್ಮನ್ನರಿಗೆ ಅದು ಸಿಕ್ಕಿತು. ಇನ್ನೊಂದು ಪಕ್ಷದವರು 1944ರ ಜೂನ್ 6ರಂದು ನಾರ್ಮಂಡಿಯ ತೀರದಲ್ಲಿ ಇಳಿಸಿದ ಜೀಪು, ಲಾರಿಗಳಿಗೂ ಗಾಳಿ ಎಳೆಯಲು ಎತ್ತರದ ಕೊಳವೆ ಇತ್ತು. ವಯರಿಂಗಿಗೆಲ್ಲ ಜಿಡ್ಡು ಮೆತ್ತಿ, ಹೊಗೆ ಕೊಳವೆಯನ್ನೂ ಮೇಲಕ್ಕೆತ್ತಿ ಸಮುದ್ರದಲ್ಲೇ ಓಡಿಸಿಕೊಂಡು ದಡಕ್ಕೆ ಹೋಗಿದ್ದರು. ಹಾಗಾಗಿ ಜೀಪಿಗೂ ಈ ಮೂಗಿಗೂ ನಂಟು ಹಳೆಯದು.

"ಅದೆಲ್ಲ ಸರಿ. ಮಡ್‌ಗಾರ್ಡಿಗೆ ಅಷ್ಟು ದೊಡ್ಡ ತೂತು ಕೊರ್ದಿದ್ದೀಯ, ನಾಳೆ ಬೇಡ ಅನ್ನಿಸಿದ್ರೆ? ಆರ್‌ಟಿಒದವರು ಬಿಡ್ತಾರಾ? 2019ರ ಜನವರೀಲಿ ಸುಪ್ರೀಂ ಕೋರ್ಟು ಹೇಳಿದ್ದು ಪೇಪರಲ್ಲಿ ಬಂದಿತ್ತು, ಕಂಪನಿ ಕೊಟ್ಟಿದ್ದನ್ನ ಬದಲಾಯಿಸಬಾರ್ದು ಅಂತ."

ಮೇಷ್ಟ್ರು ಪತ್ರಿಕೆಯನ್ನು ಹೇಗೆ ಓದುತ್ತಾರೆ ನೋಡಿ. ಹೌದು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು. ನೋಂದಣಿಯಲ್ಲಿರುವ ಮೂಲ ವಿವರಕ್ಕೆ ಹೊಂದದಂಥ ಬದಲಾವಣೆ ಮಾಡುವ ಹಾಗಿಲ್ಲ. ಇದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಕಾರ್ಖಾನೆಯಲ್ಲೇ ಸ್ನಾರ್ಕೆಲ್ ಕೂರಿಸಿ ಮಾರುವ ಗಾಡಿಯೂ ನಮ್ಮಲ್ಲಿದೆ, ಫೋರ್ಸ್ ಕಂಪನಿಯ ಗೂರ್ಖಾ; ಆ ಗಾಡಿಗೆ ಈ ತಾಪತ್ರಯ ಇಲ್ಲ. ಮನೆಯಲ್ಲಿ ಕೂರಿಸುವವನು ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬರಬೇಕು. ಅಲ್ಲಿಂದ ಒಪ್ಪಿಗೆ ಸಿಗುವವರೆಗೆ ಡಾಂಬರು ರಸ್ತೆಗೆ ಇಳಿಸುವುದಿಲ್ಲ, ತೋಟದೊಳಗೇ ಓಡಿಸುತ್ತೇನೆ ಅಂತ ನಾನು ತೀರ್ಮಾನ ಮಾಡಿದ್ದೆ. ಅದಕ್ಕೇ ಕಂಪನಿಯ ಮಡ್‌ಗಾರ್ಡಿಗೆ ಕೈ ಹಚ್ಚಿಲ್ಲ. ಹಾಸನದ ಗುಜರಿಯಲ್ಲಿ ಇದೇ ಮಾದರಿಯ ಹಳೇ ಮಡ್‌ಗಾರ್ಡ್ ಹುಡುಕಿ ತಂದು, ತಟ್ಟಿ ಸಮ ಮಾಡಿಸಿ, ತೂತು ಕೊರೆದಿದ್ದು ಅದಕ್ಕೆ. ಅಸಲಿ ಮಡ್‌ಗಾರ್ಡ್ ಅಟ್ಟದಲ್ಲಿ ಗೋಣಿ ಸುತ್ತಿಕೊಂಡು ಮಲಗಿದೆ. ಬೇಡವೆಂದರೆ ಒಂದು ಬೆಳಗಿನಲ್ಲಿ ಬದಲಾಯಿಸಬಹುದು.

ಇದನ್ನು ಕೇಳಿದ ಮೇಲೆ ಮೇಷ್ಟ್ರ ಮುಖ ಸಡಿಲವಾಯಿತು. ಕಂಡಿ ದಾಟಿ ಈಚೆಗೇ ಬಂದರು.

ಕೊರೆಯುವುದನ್ನು ಸ್ವಲ್ಪ ಹೇಳಲೇಬೇಕು. ಸ್ನಾರ್ಕೆಲ್ ಜೊತೆ ಒಂದು ಕಾಗದದ ಅಚ್ಚು ಬರುತ್ತದೆ. ಅದನ್ನು ಮಡ್‌ಗಾರ್ಡಿನ ಮೇಲಿಟ್ಟು ಗುರುತು ಮಾಡಿ ಕೊರೆಯಿರಿ ಅಂತ ಅದರಲ್ಲೇ ಬರೆದಿರುತ್ತಾರೆ. ನಾನು ಹಾಗೆ ನಂಬಿ ಕೊರೆಯುವುದಿಲ್ಲ. ಗುಜರಿಯ ತಗಡು ಎಲ್ಲೋ ಬಡಿಸಿಕೊಂಡು ಎರಡು ಮಿಲಿಮೀಟರ್ ಆಚೀಚೆ ಆಗಿರುತ್ತದೆ. ಮೊದಲು ಮಡ್‌ಗಾರ್ಡನ್ನು ಗಾಡಿಗೆ ಕೂರಿಸಿ, ಮೈತುಂಬ ಮಾಸ್ಕಿಂಗ್ ಟೇಪ್ ಅಂಟಿಸಿ, ಸ್ನಾರ್ಕೆಲನ್ನೇ ಎತ್ತಿ ಹಿಡಿದು ಗಾಜಿನ ಚೌಕಟ್ಟಿಗೆ ಅದು ಎಲ್ಲಿ ತಾಗುತ್ತದೆ ಅಂತ ನೋಡಿದೆ. ಬಾಗಿಲು ಪೂರ್ತಿ ತೆರೆಯಬೇಕು, ಬಾನೆಟ್ ಎದ್ದಾಗ ತಿಕ್ಕಬಾರದು. ಅದಾದ ಮೇಲೆ ಅಚ್ಚು. ಸೆಂಟರ್ ಪಂಚ್‌ನಿಂದ ಒಂದೊಂದು ಚುಕ್ಕೆ, ಆ ಚುಕ್ಕೆಯಲ್ಲಿ ಮೂರು ಮಿಲಿಮೀಟರಿನ ಸಣ್ಣ ತೂತು, ಆಮೇಲೆ ಹೋಲ್‌ಸಾ ಹಚ್ಚಿ ದೊಡ್ಡ ತೂತು. ಪಂಚ್ ಹೊಡೆಯದೆ ಡ್ರಿಲ್ ಇಟ್ಟರೆ ಅದರ ಬಿಟ್ ಜಾರಿ ಬಣ್ಣದ ಮೇಲೆ ಗೀರು ಎಳೆಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಈ ಕೆಲಸದಲ್ಲಿ ಅದು ತಗಡಿನ ಮೇಲೆಯೇ ಕಾಣುತ್ತದೆ.

ಒಳಗಿನ ಕೊಳವೆಗಳ ಬಾಯಿಗೆಲ್ಲ ಹಳೇ ಪಂಚೆ ತುರುಕಿದ್ದೆ. ಕಬ್ಬಿಣದ ಪುಡಿ ಒಂದು ಚಿಟಿಕೆ ಟರ್ಬೊದೊಳಗೆ ಹೋದರೆ ನೀರಿಗಿಂತ ಕೆಟ್ಟದ್ದು. ಕೊರೆದಾದ ಮೇಲೆ ಬಿದ್ದ ಪುಡಿಯನ್ನು ಬಟ್ಟೆ ಸುತ್ತಿದ ಅಯಸ್ಕಾಂತದಲ್ಲಿ ಆಯ್ದು ತೆಗೆಯಬೇಕು. ಉಳಿದರೆ ಒಂದು ಮಳೆಗೆ ಬಣ್ಣದ ಮೇಲೆಲ್ಲ ತುಕ್ಕಿನ ಚುಕ್ಕೆ ಏಳುತ್ತವೆ. ಕೊಯ್ದ ಅಂಚಿಗೆ ಅರ ಹಾಕಿ ನಯ ಮಾಡಿ ಎರಡು ಸಲ ರೆಡ್ ಆಕ್ಸೈಡ್ ಬಳಿದೆ. ಬಯಲುಸೀಮೆಯಲ್ಲಿ ಇದನ್ನು ಮರೆತರೂ ನಡೆದೀತು. ನಮ್ಮ ಮಳೆಯಲ್ಲಿ ಬೆತ್ತಲೆ ತಗಡು ಪುನರ್ವಸುವಿನಿಂದ ಆಶ್ಲೇಷಾದ ಒಳಗೆ ಕೆಂಪಾಗಿರುತ್ತದೆ.

"ನಮ್ಮ ಬೋರಿಂದು ಮೂರಿಂಚಿನ ಪಿವಿಸಿ ಪೈಪು ಮಿಕ್ಕಿತ್ತು, ಕೇಳಿದ್ರೆ ಕೊಡ್ತಿದ್ನಲ್ಲ" ಅಂದರು ಮೇಷ್ಟ್ರು. ಎಷ್ಟೋ ಜನ ಪಿವಿಸಿಯಲ್ಲೇ ಮಾಡಿಕೊಳ್ಳುತ್ತಾರೆ, ಗಾಡಿ ಓಡುತ್ತದೆ ಕೂಡ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ನೀರಿನ ಪೈಪಿನ ಎಲ್ಬೋ ಒಮ್ಮೆಲೇ ಮೂಲೆ ತಿರುಗುತ್ತದೆ. ನಿಮಿಷಕ್ಕೆ ಎರಡೂವರೆ ಸಾವಿರ ಲೀಟರ್ ಎಳೆಯುವ ಎಂಜಿನ್ನಿಗೆ ಪ್ರತಿ ಮೂಲೆಯೂ ಒಂದು ಗೋಡೆ. ಎಂಜಿನ್ನಿನ ಕಾವಿಗೆ ಪಿವಿಸಿ ಮೆತ್ತಗಾಗುತ್ತದೆ, ಹೊರಗೆ ಬಿಸಿಲಿಗೆ ಒಣಗಿ ಸಿಡುಕಾಗುತ್ತದೆ. ಕಾಫಿ ಗಿಡದ ಒಂದು ರೆಂಬೆ ಬಡಿದರೆ ಸೀಳುತ್ತದೆ. ನಾನು ತಂದ ಸ್ನಾರ್ಕೆಲ್ ಅಚ್ಚಿನಲ್ಲಿ ಎರಕ ಹೊಯ್ದ ದಪ್ಪ ಪ್ಲಾಸ್ಟಿಕ್ಕು, ಬಾಗು ನಿಧಾನವಾಗಿ ಬಾಗುತ್ತದೆ.

ತುದಿಯಲ್ಲಿ ತಲೆ ಅಂತ ಒಂದು ಬೇರೆ ಭಾಗ ಇದೆ, ಮುಂದಕ್ಕೆ ಬಾಯಿ ತೆರೆದ ಗೂಡಿನ ಹಾಗೆ. ಓಡುವಾಗ ಬಂದ ಮಳೆಹನಿ ಅದರ ಹಿಂದಿನ ಗೋಡೆಗೆ ಬಡಿದು ಸೀಳುಗಳಿಂದ ಹೊರಗೆ ಇಳಿಯುತ್ತದೆ, ಗಾಳಿ ಮಾತ್ರ ಕೆಳಗೆ ಹೋಗುತ್ತದೆ. ಲಂಟಾನದ ಪೊದೆಯೊಳಗೆ ಹೋಗುವಾಗ ಕ್ಲಾಂಪ್ ಸಡಿಲಿಸಿ ಅದನ್ನು ಹಿಂದಕ್ಕೆ ತಿರುಗಿಸಿಕೊಳ್ಳಬಹುದು. ಮೇಷ್ಟ್ರಿಗೆ ಈ ತಲೆ ಬಹಳ ಹಿಡಿಸಿತು, ಮೂರು ಸಲ ತಿರುಗಿಸಿ ನೋಡಿದರು. ಮಳೆಗಾಲ ಬಿಟ್ಟರೂ ಇದರಿಂದ ಲಾಭ ಇದೆ. ಫೆಬ್ರುವರಿ, ಮಾರ್ಚ್‌ನಲ್ಲಿ ತೋಟದ ರಸ್ತೆಯ ಕೆಮ್ಮಣ್ಣು ಚಕ್ರದ ಎತ್ತರದಲ್ಲಿ ಹಿಟ್ಟಿನ ಹಾಗೆ ಏಳುತ್ತದೆ. ಟಾಪಿನ ಮಟ್ಟದಲ್ಲಿ ಧೂಳು ಅದಕ್ಕಿಂತ ಕಡಿಮೆ, ಎಂಜಿನ್ನಿನ ಬಿಸಿಗಾಳಿಯೂ ಇಲ್ಲ. ಆಸ್ಟ್ರೇಲಿಯಾದ ಒಣನಾಡಿನಲ್ಲಿ ಸ್ನಾರ್ಕೆಲ್ ಹಾಕುವವರು ಎಷ್ಟೋ ಜನ ಹೊಳೆಯ ಸಲುವಾಗಿ ಅಲ್ಲ, ಧೂಳಿನ ಸಲುವಾಗಿಯೇ ಹಾಕುತ್ತಾರೆ.

ಬೋಲ್ಟು ಬಿಗಿದು, ಚೌಕಟ್ಟಿಗೆ ಪಟ್ಟಿ ಕೂರಿಸಿ, ಒಳಗಿನ ರಬ್ಬರ್ ಹೋಸು ಏರ್ ಕ್ಲೀನರ್ ಡಬ್ಬಿಗೆ ಸಿಕ್ಕಿಸಿ ಕ್ಲಾಂಪ್ ಹಾಕುವ ಹೊತ್ತಿಗೆ ನಾಲ್ಕೂವರೆ. ಒಂದೊಂದು ಜೋಡಣೆಗೂ ಸಿಲಿಕೋನ್ ಹಚ್ಚಿದ್ದೆ. ಜೀಪು ನೋಡಲು ಭರ್ಜರಿಯಾಗಿತ್ತು. ಅಕ್ಕನೂ, ಅಂದರೆ ಮೇಷ್ಟ್ರ ಮನೆಯವರು, ಒಗೆದ ಬಟ್ಟೆ ತೆಗೆಯಲು ಬಂದವರು ಕಂಡಿಯಲ್ಲಿ ನಿಂತು "ಆಯ್ತಾ?" ಅಂದರು.

"ಆಗಿಲ್ಲ ಅಕ್ಕಾ, ಪರೀಕ್ಷೆ ಇದೆ" ಅಂದೆ.

ಪರೀಕ್ಷೆ ಸುಲಭ. ತಲೆಯನ್ನು ಬಿಚ್ಚಿ, ಎಂಜಿನ್ ಸ್ಟಾರ್ಟ್ ಮಾಡಿ, ಎಕ್ಸಲರೇಟರ್ ಮುಟ್ಟದೆ ಬಿಟ್ಟು, ಕೊಳವೆಯ ಬಾಯಿ ಮುಚ್ಚುವುದು. ಗಾಳಿ ಬರುವ ದಾರಿ ಇದೊಂದೇ ಆಗಿದ್ದರೆ ಎಂಜಿನ್ನು ಉಸಿರುಕಟ್ಟಿ ನಿಲ್ಲಬೇಕು. ನಿಲ್ಲಲಿಲ್ಲ ಅಂದರೆ ಅದು ಇನ್ನೆಲ್ಲಿಂದಲೋ ಗಾಳಿ ಕುಡಿಯುತ್ತಿದೆ. ಗಾಳಿ ಕುಡಿಯುವ ಜಾಗದಲ್ಲಿ ನೀರನ್ನೂ ಕುಡಿಯುತ್ತದೆ. ಅಡಿಗೆಮನೆಯ ಹಳೇ ಮಣೆಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿ ಮುಚ್ಚಳ ಮಾಡಿಕೊಂಡಿದ್ದೆ. ಸ್ಟೂಲ್ ಹತ್ತಿ ಬಾಯಿಗೆ ಒತ್ತಿದೆ.

ಎಂಜಿನ್ನಿನ ಸದ್ದು ಕುಗ್ಗಿತು, ತೇಕಿತು, ನಡುಗಿತು. ನಿಲ್ಲಲಿಲ್ಲ. ಐದು ಎಣಿಸಿ ಮಣೆ ತೆಗೆದೆ. ಇನ್ನೊಮ್ಮೆ ಇಟ್ಟೆ, ಅದೇ ಕಥೆ. ಮೂರು ದಿನದ ಕೆಲಸ ಕಣ್ಣೆದುರೇ ಅಲಂಕಾರದ ಸಾಮಾನಾಗಿ ನಿಂತಿತ್ತು. ಹೊರಗಿನಿಂದ ನೋಡಿದವರು ಸ್ನಾರ್ಕೆಲ್ ಇದೆಯಲ್ಲ ಅನ್ನುತ್ತಾರೆ, ಅದನ್ನೇ ನಂಬಿ ನಾನು ಹಳ್ಳಕ್ಕೆ ಇಳಿಯುತ್ತಿದ್ದೆ, ನೀರು ಬಾನೆಟ್ಟಿನೊಳಗಿನ ಯಾವುದೋ ಸಂದಿಯಿಂದ ನೇರ ಸಿಲಿಂಡರಿಗೆ ಹೋಗುತ್ತಿತ್ತು. ಸ್ನಾರ್ಕೆಲ್ ಇಲ್ಲದ ಗಾಡಿಗಿಂತ ಸೋರುವ ಸ್ನಾರ್ಕೆಲ್ಲಿನ ಗಾಡಿ ಅಪಾಯ, ಯಾಕೆಂದರೆ ಅದು ಇಲ್ಲದ ಧೈರ್ಯ ಕೊಡುತ್ತದೆ. ರಸ್ತೆಯಲ್ಲಿ ಇಂಥ ಕೊಳವೆ ಏರಿಸಿಕೊಂಡ ಜೀಪು ಕಂಡಾಗೆಲ್ಲ ಈಗ ನನಗೆ ನಿಲ್ಲಿಸಿ ಕೇಳಬೇಕು ಅನ್ನಿಸುತ್ತದೆ: ಬಾಯಿ ಮುಚ್ಚಿ ನೋಡಿದ್ದೀರಾ ಅಂತ.

ಮೇಷ್ಟ್ರಿಗೆ ಇದು ಹೊಸದಲ್ಲ. ಪ್ರತಿ ವರ್ಷ ರೋಬಸ್ಟಾ ಹೂವಿಗೆ ನೀರು ಹಾರಿಸಲು ಹಳ್ಳಕ್ಕೆ ಡೀಸೆಲ್ ಪಂಪು ಇಡುವವರು.

"ಸಕ್ಷನ್ ಪೈಪಲ್ಲಿ ಸೂಜಿಮೊನೆಯಷ್ಟು ಗಾಳಿ ಎಳೆದ್ರೂ ಪಂಪು ನೀರೆತ್ತಲ್ಲ. ನೀರು ಹೊರಗೆ ಬರೋ ಪೈಪು ಸೋರಿದ್ರೆ ಕಣ್ಣಿಗೆ ಕಾಣುತ್ತೆ, ಎಳೆಯೋ ಪೈಪು ಸೋರಿದ್ರೆ ಕಾಣಲ್ಲ, ಅದು ಒಳಗೇ ಸೋರೋದು" ಅಂದವರು ಬೇಲಿಯ ಕಡೆ ತಿರುಗಿ, "ಏ, ದೇವರ ಮನೆಯಿಂದ ಎರಡು ಊದುಬತ್ತಿ, ಬೆಂಕಿಪೊಟ್ಟಣ ತಗೊಂಡ್ ಬಾ" ಅಂತ ಕೂಗಿದರು.

ಅಕ್ಕ ಕಂಡಿಯಲ್ಲಿ ತಂದುಕೊಟ್ಟರು. ಮಣೆಯನ್ನು ಅರ್ಧ ಮುಚ್ಚಿ ಹಿಡಿದುಕೊ ಅಂತ ನನಗೆ ಹೇಳಿ ಮೇಷ್ಟ್ರು ಬಾನೆಟ್ಟಿನೊಳಗೆ ಬಾಗಿದರು. ಹೊಗೆ ಚದುರಬಾರದು ಅಂತ ರೇಡಿಯೇಟರ್ ಫ್ಯಾನಿನ ಕಡೆಗೆ ರಟ್ಟೊಂದನ್ನು ಅಡ್ಡ ಇಟ್ಟು, ಪಂಚೆಯ ತುದಿಯನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಊದುಬತ್ತಿಯ ಹೊಗೆಯನ್ನು ಒಂದೊಂದೇ ಜೋಡಣೆಯ ಹತ್ತಿರ ಹಿಡಿದರು. ಮಡ್‌ಗಾರ್ಡಿನ ಒಳಗಿನ ಹೋಸು: ಹೊಗೆ ನೆಟ್ಟಗೆ ಮೇಲೆ ಹೋಯಿತು. ಮೊದಲ ಕ್ಲಾಂಪು: ನೆಟ್ಟಗೆ. ಏರ್ ಕ್ಲೀನರ್ ಮುಚ್ಚಳದ ಸುತ್ತ: ನೆಟ್ಟಗೆ. ನಾನು ಸ್ಟೂಲಿನ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಡಬ್ಬಿಯ ತಳಕ್ಕೆ ಬಂದಾಗ ಹೊಗೆಯ ಎಳೆ ಒಮ್ಮೆಲೇ ಅಡ್ಡ ಬಾಗಿ, ಯಾರೋ ದಾರ ಎಳೆದುಕೊಂಡ ಹಾಗೆ ಒಳಗೆ ಹೋಯಿತು.

"ಸಿಕ್ತು!"

ಏರ್ ಕ್ಲೀನರ್ ಡಬ್ಬಿಯ ತಳದಲ್ಲಿ ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ಮೂತಿ ಇರುತ್ತದೆ. ಡಬ್ಬಿಯೊಳಗೆ ಸೇರಿದ ಹನಿ ನೀರು, ಧೂಳು ಅದರಿಂದ ಹೊರಗೆ ಉದುರಲಿ ಅಂತ ಕಂಪನಿಯವರೇ ಇಟ್ಟದ್ದು. ಹಳೆಯದಾಗಿ ಒಣಗಿ ಕೊಕ್ಕು ಪೂರ್ತಿ ಮುಚ್ಚುತ್ತಿರಲಿಲ್ಲ. ಟಾಪಿನವರೆಗೆ ಕೊಳವೆ ಏರಿಸಿ ನಾನು ಡಬ್ಬಿಯ ತಳದಲ್ಲೇ ಬಾಗಿಲು ತೆರೆದಿಟ್ಟಿದ್ದೆ. ಅದನ್ನು ಕಿತ್ತು, ರಬ್ಬರ್ ಬಿರಟೆ ಒತ್ತಿ, ಮೇಲೊಂದು ಸಣ್ಣ ಕ್ಲಾಂಪ್ ಬಿಗಿದೆ. ಇನ್ನು ಮೇಲೆ ದೊಡ್ಡ ಮಳೆಯಾದ ಮಾರನೇ ದಿನ ಈ ಬಿರಟೆ ತೆಗೆದು ಒಳಗೆ ಹನಿ ಇದೆಯಾ ಅಂತ ನೋಡುವುದು ನನ್ನ ಕೈಕೆಲಸ. ತಾನಾಗಿ ಉದುರುವ ದಾರಿ ಮುಚ್ಚಿದ ಮೇಲೆ ಅಷ್ಟು ಮಾಡಲೇಬೇಕು.

ಅಕ್ಕ ಅಷ್ಟರಲ್ಲಿ ಕಾಫಿ ತಂದಿದ್ದರು. ಲೋಟ ಕೈಗೆ ಕೊಡುತ್ತಾ ಅವರು ಕೇಳಿದ ಪ್ರಶ್ನೆಗೆ ನಾನು ಬೆಳಗಿನಿಂದ ಕಾಯುತ್ತಿದ್ದೆ ಅನ್ನಬೇಕು.

"ಇದು ಇದ್ರೆ ಎಷ್ಟು ನೀರಿದ್ರೂ ಹೋಗ್ಬಹುದಾ?"

ಇಲ್ಲ ಅಕ್ಕಾ. ಖಂಡಿತ ಇಲ್ಲ. ಮೂಗು ಟಾಪಿನ ಮೇಲಿದೆ ಅಂದ ಮಾತ್ರಕ್ಕೆ ಟಾಪಿನವರೆಗೆ ನೀರಿಗೆ ಇಳಿಯುವುದಲ್ಲ. ಆಲ್ಟರ್ನೇಟರು, ವಯರಿಂಗು, ಎಂಜಿನ್ನಿನ ಕಂಪ್ಯೂಟರ್ ಡಬ್ಬಿ ಎಲ್ಲ ಕೆಳಗೇ ಇವೆ. 2020ರ ಹೊಸ ಥಾರ್‌ಗೆ ಕಂಪನಿಯೇ ಹೇಳುವ ಮಿತಿ 650 ಮಿಲಿಮೀಟರ್, ಸ್ನಾರ್ಕೆಲ್ ಇರುವ ಗೂರ್ಖಾಕ್ಕೆ 700. ಅಂದರೆ ಇಷ್ಟೆತ್ತರದ ಕೊಳವೆ ಇದ್ದೂ ಅವರು ಮಂಡಿಯ ಮೇಲೆ ಒಂದು ಗೇಣಿಗೇ ನಿಲ್ಲಿಸುತ್ತಾರೆ. ಅದೂ ನಿಂತ ನೀರಿನ ಲೆಕ್ಕ. ಹರಿಯುವ ನೀರು ಬೇರೆ ಜಾತಿ. ಎರಡಡಿ ರಭಸದ ನೀರು ಜೀಪನ್ನೂ ಪಿಕಪ್ಪನ್ನೂ ಎತ್ತಿಕೊಂಡು ಹೋಗುತ್ತದೆ. ತೇಲಿದ ಗಾಡಿಗೆ ಎಂಜಿನ್ನು ಎಷ್ಟು ಚೆನ್ನಾಗಿ ಉಸಿರಾಡಿದರೇನು, ಚಕ್ರಕ್ಕೆ ನೆಲ ಇಲ್ಲವಲ್ಲ.

"ಮತ್ತೆ ಯಾಕೆ ಇಷ್ಟೆಲ್ಲ?" ಅಂದರು ಅಕ್ಕ.

ಆ ಗೇಣಿಗಾಗಿ. ಮಂಡಿಯುದ್ದ ನೀರಿನಲ್ಲಿ ಒಂದು ಗುಂಡಿಗೆ ಚಕ್ರ ಇಳಿದಾಗ, ಬಂಪರಿಗೆ ಬಡಿದ ಅಲೆ ಬಾನೆಟ್ಟಿಗೆ ಹಾರಿದಾಗ, ಆ ಒಂದು ಕ್ಷಣದಲ್ಲಿ ಅರ್ಧ ಲೋಟ ನೀರು ಒಳಗೆ ಹೋಗದಿರಲಿ ಅಂತ. 2019ರ ಆಗಸ್ಟ್ ಅಕ್ಕನಿಗೂ ನೆನಪಿದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಕುಸಿದು ರಸ್ತೆ ಹೋಗಿದ್ದವು. ಜಾವಳಿಯಲ್ಲಿ ಸಣ್ಣ ಒರತೆಯಾಗಿ ಹುಟ್ಟುವ ಹೇಮಾವತಿ ಏನಾಗಿ ಹರಿದಳು ಅಂತ ಕಂಡವರು ಮರೆಯುವುದಿಲ್ಲ. ಆಗ ಹಳ್ಳದಾಚೆಯ ಕೂಲಿಯವರ ಲೈನ್ ಮನೆಗಳಿಗೆ ಅಕ್ಕಿ, ಹಾಲು, ಮಾತ್ರೆ ಹೋಗಿದ್ದು ಜೀಪಿನಲ್ಲೇ. ಮಳೆ ಒಂದೆರಡು ತಾಸು ಬಿಟ್ಟು ಹಳ್ಳ ಇಳಿದಾಗ ದಾಟಿ, ಮತ್ತೆ ಏರುವುದರೊಳಗೆ ವಾಪಸು ಬರಬೇಕಿತ್ತು. ಅಂಥ ದಿನ ಗಾಡಿ ಮಧ್ಯದಲ್ಲಿ ನಿಲ್ಲಬಾರದು. ಅದಕ್ಕೆ.

"ನೀರಿಗೆ ಇಳಿಯೋ ಮೊದ್ಲು ನೀನು ಇಳಿದು ನೋಡ್ತೀಯಲ್ವಾ?" ಮೇಷ್ಟ್ರು ಕೇಳಿದರು.

ಗೋಡೆಗೆ ಒರಗಿಸಿದ್ದ ಬಿದಿರ ಕೋಲು ತೋರಿಸಿದೆ. ಅದರಲ್ಲಿ ಕೆಂಪು ಬಣ್ಣದ ಎರಡು ಗೆರೆ ಇದೆ, ಒಂದು ಚಕ್ರದ ಹಬ್ಬಿನ ಎತ್ತರಕ್ಕೆ, ಇನ್ನೊಂದು ಬಂಪರಿನ ಎತ್ತರಕ್ಕೆ. ಕೋಲು ಊರಿಕೊಂಡು ಮೊದಲು ನಾನು ನಡೆದು ದಾಟುತ್ತೇನೆ. ಮೇಲಿನ ಗೆರೆ ಮುಳುಗಿದರೆ, ನನ್ನ ಕಾಲು ನೆಲಕ್ಕೆ ನಿಲ್ಲದಿದ್ದರೆ, ಗಾಡಿ ದಡದಲ್ಲೇ. ದಾಟುವುದಾದರೆ ಫೋರ್ ವೀಲ್ ಲೋ ಹಾಕಿ, ಮೊದಲನೇ ಗೇರಿನಲ್ಲಿ, ಮನುಷ್ಯ ಬೇಗ ನಡೆದಷ್ಟೇ ವೇಗದಲ್ಲಿ. ಮುಂದೆ ಒಂದು ಸಣ್ಣ ಅಲೆ ಎದ್ದು ಗಾಡಿಯ ಜೊತೆಗೇ ಸಾಗುತ್ತದೆ, ಅದರ ಹಿಂದೆ ಎಂಜಿನ್ನಿನ ಹತ್ತಿರ ನೀರಿನ ಮಟ್ಟ ತಗ್ಗುತ್ತದೆ. ಮಧ್ಯದಲ್ಲಿ ನಿಲ್ಲಿಸಿದರೆ ಆ ಅಲೆ ತಿರುಗಿ ಬಂದು ಬಾನೆಟ್ಟಿನೊಳಗೆ ಕೂರುತ್ತದೆ. ನಾನು ಅವತ್ತು ಎರಡನೇ ಗೇರಿನಲ್ಲಿ ನುಗ್ಗಿಸಿದ್ದು ಯಾಕೆ ತಪ್ಪು ಅಂತ ಅಲೆಯ ಚಿತ್ರ ಬರೆದು ಮೇಷ್ಟ್ರೇ ಅಕ್ಕನಿಗೆ ವಿವರಿಸಿದರು.

ಇನ್ನೂ ಒಂದು ಕೆಲಸ ನಾಳೆಗೆ ಉಳಿದಿದೆ. ಮುಂದಿನ, ಹಿಂದಿನ ಆಕ್ಸಲ್ ಹೌಸಿಂಗಿಗೆ ಉಸಿರಾಡಲು ಚಿಕ್ಕ ಬ್ರೀದರ್ ಇರುತ್ತದೆ. ಗುಡ್ಡ ಹತ್ತಿ ಕಾದ ಹೌಸಿಂಗು ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಬ್ರೀದರ್ ನೀರಿನಲ್ಲಿದ್ದರೆ ಎಳೆಯುವುದು ನೀರನ್ನೇ. ಆಮೇಲೆ ಆಯಿಲ್ ಬಿಚ್ಚಿದರೆ ಹಾಲು ಹಾಕಿದ ಕಾಫಿಯ ಬಣ್ಣ. ಅದಕ್ಕೂ ಗೇರ್ ಬಾಕ್ಸಿಗೂ ಸಣ್ಣ ಟ್ಯೂಬ್ ಜೋಡಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಬೇಕು. ಕಡಿಮೆ ದುಡ್ಡಿನ, ಯಾರ ಕಣ್ಣಿಗೂ ಬೀಳದ ಕೆಲಸ, ಸ್ನಾರ್ಕೆಲ್ ಹಾಕಿದವರಲ್ಲೇ ಎಷ್ಟೋ ಜನ ಬಿಟ್ಟಿರುತ್ತಾರೆ. ಮಿಕ್ಕ ಸ್ಪ್ರಿಂಕ್ಲರ್ ಟ್ಯೂಬು ಇದೆ, ಬೆಳಗ್ಗೆ ಹುಡುಕಿ ಇಡ್ತೀನಿ ಅಂದರು ಮೇಷ್ಟ್ರು. ಡೀಸೆಲ್, ಆಯಿಲ್ ತಾಗಿದರೂ ಮೆತ್ತಗಾಗದ ಟ್ಯೂಬೇ ಬೇಕು ಅಂತ ನಾನು. ಹಂಗಾದ್ರೆ ಪೇಟೆಯಿಂದಲೇ ತಾ ಅಂದರು.

ಬೆಳಕಿರುವಾಗಲೇ ಪರೀಕ್ಷೆ ಮುಗಿಸೋಣ ಅಂತ ಮತ್ತೆ ಸ್ಟೂಲ್ ಹತ್ತಿದೆ. ಎಂಜಿನ್ನು ತನ್ನ ಪಾಡಿಗೆ ಗುಡುಗುಟ್ಟುತ್ತಿತ್ತು. ಮಣೆ ಒತ್ತಿದೆ. ಒಂದು, ಎರಡು. ಸದ್ದು ಆಳಕ್ಕೆ ಇಳಿಯಿತು, ಜೀಪಿನ ಮೈ ಒಮ್ಮೆ ನಡುಗಿತು, ಮೂರು ಅನ್ನುವಷ್ಟರಲ್ಲಿ ನಿಂತೇ ಹೋಯಿತು. ಮಣೆ ತಾನಾಗಿಯೇ ಕೊಳವೆಗೆ ಕಚ್ಚಿಕೊಂಡಿತ್ತು. ಎತ್ತಿದಾಗ ಸುಯ್ ಅಂತ ಗಾಳಿ ಒಳಗೆ ನುಗ್ಗಿದ ಸದ್ದು ಮೂವರಿಗೂ ಕೇಳಿಸಿತು. ಹಳ್ಳದ ಕಡೆಯಿಂದ ಕಪ್ಪೆಗಳು ಕೂಗುತ್ತಿದ್ದವು.

ಮೇಷ್ಟ್ರು ಲೋಟ ಅಕ್ಕನ ಕೈಗೆ ಕೊಟ್ಟು, ಟವೆಲ್ಲಿಗೆ ಕೈ ಒರೆಸಿಕೊಂಡು ಸ್ಟೂಲಿನ ಹತ್ತಿರ ಬಂದರು.

"ಇಳಿ ಇಳಿ. ಆ ಮಣೆ ಇಲ್ಲಿ ಕೊಡು. ಇನ್ನೊಂದ್ಸಲ ಸ್ಟಾರ್ಟ್ ಮಾಡು, ನಾನು ಮುಚ್ತೀನಿ."